ನೀರಿಗೆ ಬಾಗಿಲು ಮುಚ್ಚಿದ ಗಡಿಯಾರ: ಹಾನ್ಸ್ ವಿಲ್ಸ್‌ಡಾರ್ಫ್

ಮಕ್ಕಳೇ, ಮಳೆ ಬಂದಾಗ ದೊಡ್ಡವರು ಕೈಗಡಿಯಾರವನ್ನು ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುವುದನ್ನು ನೀವು ನೋಡಿರಬಹುದು. ಯಾಕೆ ಗೊತ್ತೇ? ಒಂದು ಹನಿ ನೀರು ಒಳಗೆ ಹೋದರೂ ಸಾಕು, ಗಾಜಿನ ಒಳಗೆ ಹಬೆ ಕಟ್ಟುತ್ತದೆ. ಉಕ್ಕಿನ ಪುಟ್ಟ ಭಾಗಗಳು ತುಕ್ಕು ಹಿಡಿಯುತ್ತವೆ. ಕೆಲವೇ ದಿನಗಳಲ್ಲಿ ಗಡಿಯಾರ ನಿಂತುಹೋಗುತ್ತದೆ.

ಹೀಗಿರುವಾಗ ಸಮುದ್ರದ ಆಳಕ್ಕೆ ಗಡಿಯಾರ ಕಟ್ಟಿಕೊಂಡು ಇಳಿಯುವುದು ಸಾಧ್ಯವೇ? ಸಾಧ್ಯ ಎಂದು ತೋರಿಸಲು ತಮ್ಮ ಬದುಕಿನ ಬಹುಪಾಲು ವರ್ಷಗಳನ್ನು ಕೊಟ್ಟವರು ಹಾನ್ಸ್ ವಿಲ್ಸ್‌ಡಾರ್ಫ್. ಅವರ ಕತೆಯನ್ನು ಈಗ ತಿಳಿಯೋಣ.

ತಬ್ಬಲಿ ಹುಡುಗ

ಹಾನ್ಸ್ ಹುಟ್ಟಿದ್ದು 1881ರ ಮಾರ್ಚ್ 22ರಂದು, ಜರ್ಮನಿಯ ಬವೇರಿಯಾ ಪ್ರಾಂತದ ಕುಲ್ಮ್‌ಬಾಖ್ ಎಂಬ ಊರಿನಲ್ಲಿ. ಸುಮಾರು 12ನೇ ವಯಸ್ಸಿಗೆ ಅವನು ತಾಯಿತಂದೆ ಇಬ್ಬರನ್ನೂ ಕಳೆದುಕೊಂಡ. ಸೋದರಮಾವಂದಿರು ಅವನನ್ನು ವಸತಿ ಶಾಲೆಗೆ ಸೇರಿಸಿದರು. ಅಲ್ಲಿ ಹುಡುಗನಿಗೆ ಗಣಿತ ಮತ್ತು ಭಾಷೆಗಳು ಚೆನ್ನಾಗಿ ಹಿಡಿಸಿದವು.

ಇಂಗ್ಲಿಷ್ ಬರುತ್ತಿದ್ದುದರಿಂದ 1900ರ ಸುಮಾರಿಗೆ ಸ್ವಿಟ್ಜರ್‌ಲ್ಯಾಂಡಿನ ಒಂದು ಗಡಿಯಾರ ವ್ಯಾಪಾರದ ಕಚೇರಿಯಲ್ಲಿ ಪತ್ರ ಬರೆಯುವ ಗುಮಾಸ್ತನ ಕೆಲಸ ಸಿಕ್ಕಿತು. ದಿನವೂ ನೂರಾರು ಜೇಬುಗಡಿಯಾರಗಳಿಗೆ ಕೀಲಿ ಕೊಟ್ಟು, ಅವು ಸರಿಯಾದ ಸಮಯ ತೋರಿಸುತ್ತಿವೆಯೇ ಎಂದು ನೋಡುವುದೂ ಅವರ ಕೆಲಸವಾಗಿತ್ತು. ಪರೀಕ್ಷಿಸಿ ನೋಡುವ ಈ ಅಭ್ಯಾಸ ಮುಂದೆ ಅವರನ್ನು ಬಿಡಲೇ ಇಲ್ಲ.

1903ರಲ್ಲಿ ಅವರು ಲಂಡನ್ನಿಗೆ ಹೋದರು. 1905ರಲ್ಲಿ ಆಲ್ಫ್ರೆಡ್ ಡೇವಿಸ್ ಎಂಬವರ ಜೊತೆ ಸೇರಿ ಸ್ವಂತ ಗಡಿಯಾರ ವ್ಯಾಪಾರ ಆರಂಭಿಸಿದರು. ಗಡಿಯಾರದ ಮುಖದ ಮೇಲೆ ಬರೆಯಲು ಚಿಕ್ಕದಾದ, ಎಲ್ಲ ಭಾಷೆಯವರೂ ಸುಲಭವಾಗಿ ಹೇಳಬಹುದಾದ ಹೆಸರು ಬೇಕಿತ್ತು. 1908ರಲ್ಲಿ ರೋಲೆಕ್ಸ್ ಎಂಬ ಹೆಸರನ್ನು ನೋಂದಾಯಿಸಿದರು.

ಆಗಿನ ಕಾಲದಲ್ಲಿ ಗಂಡಸರು ಜೇಬುಗಡಿಯಾರವನ್ನೇ ಇಟ್ಟುಕೊಳ್ಳುತ್ತಿದ್ದರು. ಕೈಗಡಿಯಾರ ಎಂದರೆ ಹೆಂಗಸರ ಒಡವೆ, ಅಷ್ಟು ಚಿಕ್ಕ ಯಂತ್ರ ಸರಿಯಾದ ಸಮಯ ತೋರಿಸಲಾರದು ಎಂಬುದು ಎಲ್ಲರ ನಂಬಿಕೆ. ವಿಲ್ಸ್‌ಡಾರ್ಫ್ ವಾದ ಮಾಡುತ್ತಾ ಕೂರಲಿಲ್ಲ. ಒಂದು ಕೈಗಡಿಯಾರವನ್ನು ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯಕ್ಕೆ ಪರೀಕ್ಷೆಗೆ ಕಳಿಸಿದರು. ಅಲ್ಲಿ 45 ದಿನ ಅದನ್ನು ಬೇರೆ ಬೇರೆ ಭಂಗಿಯಲ್ಲಿ, ಬೇರೆ ಬೇರೆ ತಾಪದಲ್ಲಿ ಇಟ್ಟು ನೋಡಿದರು. 1914ರ ಜುಲೈ ತಿಂಗಳಲ್ಲಿ ಅದಕ್ಕೆ ಎ ದರ್ಜೆಯ ಪ್ರಮಾಣಪತ್ರ ಸಿಕ್ಕಿತು. ಅಂಥ ದರ್ಜೆ ಪಡೆದ ಮೊದಲ ಕೈಗಡಿಯಾರ ಅದು!

ಮುಂದೆ ಮೊದಲನೇ ಮಹಾಯುದ್ಧ ನಡೆಯಿತು. ಕಂದಕಗಳಲ್ಲಿ ಕುಳಿತ ಸೈನಿಕರಿಗೆ ಕೈಗಡಿಯಾರ ಬಹಳ ಅನುಕೂಲವಾಯಿತು. ಆದರೆ ಕೆಸರು, ಧೂಳು ಮತ್ತು ನೀರು ಅದರ ಶತ್ರುಗಳಾದವು. ಯುದ್ಧಕಾಲದಲ್ಲಿ ಬ್ರಿಟನ್ ಸರ್ಕಾರ ಆಮದು ಗಡಿಯಾರಗಳ ಮೇಲೆ ಭಾರಿ ಸುಂಕ ಹಾಕಿದ್ದರಿಂದ ವಿಲ್ಸ್‌ಡಾರ್ಫ್ ತಮ್ಮ ಕಂಪನಿಯನ್ನು ಸ್ವಿಟ್ಜರ್‌ಲ್ಯಾಂಡಿನ ಜಿನೀವಾ ನಗರಕ್ಕೆ ಸಾಗಿಸಿದರು.

ಒಂದು ಪುಟ್ಟ ರಂಧ್ರದ ಸಮಸ್ಯೆ

ಗಡಿಯಾರದೊಳಗೆ ನೀರು ಹೋಗಲು ಮೂರು ದಾರಿಗಳಿವೆ. ಒಂದು, ಗಾಜಿನ ಅಂಚು. ಎರಡು, ಹಿಂದಿನ ಮುಚ್ಚಳ. ಮೂರು, ಬದಿಯಲ್ಲಿರುವ ಕೀಲಿಗುಂಡಿಯ ಕಡ್ಡಿ ಒಳಹೋಗುವ ರಂಧ್ರ. ಮೊದಲ ಎರಡನ್ನು ಗಟ್ಟಿಯಾಗಿ ಮುಚ್ಚಬಹುದು. ಮೂರನೆಯದೇ ಕಷ್ಟ. ಅಲ್ಲಿ ಕಡ್ಡಿ ತಿರುಗಲೂ ಬೇಕು, ನೀರು ನುಸುಳಲೂಬಾರದು.

ಇದಕ್ಕೆ ಉಪಾಯ ಹುಡುಕಿದವರು ವಿಲ್ಸ್‌ಡಾರ್ಫ್ ಅಲ್ಲ. 1925ರಲ್ಲಿ ಪೆರೆಗೊ ಮತ್ತು ಪೆರೆ ಎಂಬ ಇಬ್ಬರು ಸ್ವಿಸ್ ಕುಶಲಕರ್ಮಿಗಳು ತಿರುಪಿನಂತೆ ತಿರುಗಿಸಿ ಬಿಗಿ ಮಾಡಬಹುದಾದ ಕೀಲಿಗುಂಡಿಗೆ ಹಕ್ಕುಪತ್ರ ಪಡೆದರು. ನೀರಿನ ಬಾಟಲಿಯ ಮುಚ್ಚಳವನ್ನು ನೆನಪಿಸಿಕೊಳ್ಳಿ, ಹಾಗೆಯೇ ಇದು. ಅದರ ಬೆಲೆಯನ್ನು ಅರಿತ ವಿಲ್ಸ್‌ಡಾರ್ಫ್ ಆ ಹಕ್ಕನ್ನು ಕೊಂಡರು. 1926ರಲ್ಲಿ ಗಾಜಿನ ಚೌಕಟ್ಟು, ಹಿಂದಿನ ಮುಚ್ಚಳ, ಕೀಲಿಗುಂಡಿ ಮೂರನ್ನೂ ತಿರುಪಿನಿಂದ ಬಿಗಿದ ಗಡಿಯಾರ ಸಿದ್ಧವಾಯಿತು. ಬಿಗಿಯಾಗಿ ಬಾಯಿ ಮುಚ್ಚಿಕೊಳ್ಳುವ ಸಿಂಪಿಯ ನೆನಪಿಗೆ ಅದಕ್ಕೆ ಆಯ್ಸ್ಟರ್ ಎಂದು ಹೆಸರಿಟ್ಟರು.

ಕಡಲಿನಲ್ಲಿ ಪರೀಕ್ಷೆ

ಗಡಿಯಾರವೇನೋ ಸಿದ್ಧ. ಜನ ನಂಬಬೇಕಲ್ಲ!

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇನ್ನೊಬ್ಬರೂ ನಂಬಿಕೆಯ ಪ್ರಶ್ನೆ ಎದುರಿಸುತ್ತಿದ್ದರು. ಅವರು ಮರ್ಸಿಡೀಸ್ ಗ್ಲೈಟ್ಸ್ ಎಂಬ ಯುವತಿ. ಲಂಡನ್ನಿನಲ್ಲಿ ಬೆರಳಚ್ಚುಗಾರ್ತಿ. 1927ರ ಅಕ್ಟೋಬರ್ 7ರಂದು ಅವರು ಫ್ರಾನ್ಸಿನಿಂದ ಇಂಗ್ಲೆಂಡಿಗೆ ಕಡಲ್ಗಾಲುವೆಯನ್ನು 15 ಗಂಟೆಗೂ ಹೆಚ್ಚು ಕಾಲ ಈಜಿ ದಾಟಿದರು. ಹೀಗೆ ದಾಟಿದ ಮೊದಲ ಬ್ರಿಟಿಷ್ ಮಹಿಳೆ ಅವರು. ಆದರೆ ಕೆಲವೇ ದಿನಗಳಲ್ಲಿ ಇನ್ನೊಬ್ಬ ಮಹಿಳೆ ತಾನೂ ಈಜಿದೆನೆಂದು ಸುಳ್ಳು ಹೇಳಿ, ಆಮೇಲೆ ಅದನ್ನು ಒಪ್ಪಿಕೊಂಡರು. ಇದರಿಂದ ಜನರಿಗೆ ಗ್ಲೈಟ್ಸ್ ಮೇಲೂ ಅನುಮಾನ ಬಂತು. ತಪ್ಪು ಯಾರದೋ, ಅಪವಾದ ಇವರಿಗೆ! ಅವರು ಎಲ್ಲರ ಕಣ್ಣೆದುರು ಮತ್ತೆ ಈಜಲು ನಿರ್ಧರಿಸಿದರು.

ಈ ಸುದ್ದಿ ತಿಳಿದ ವಿಲ್ಸ್‌ಡಾರ್ಫ್ ತಮ್ಮ ಗಡಿಯಾರವನ್ನು ಅವರಿಗೆ ಕೊಟ್ಟರು. ಅಕ್ಟೋಬರ್ 21ರಂದು ಗ್ಲೈಟ್ಸ್ ಅದನ್ನು ಕೊರಳಿಗೆ ಕಟ್ಟಿಕೊಂಡು ಕಡಲಿಗೆ ಇಳಿದರು. ನೀರು ಕೊರೆಯುವಷ್ಟು ತಣ್ಣಗಿತ್ತು. 10 ಗಂಟೆಗೂ ಹೆಚ್ಚು ಕಾಲ ಈಜಿದ ಮೇಲೆ ಮುಂದುವರಿಯಲು ಆಗಲಿಲ್ಲ, ಅವರನ್ನು ದೋಣಿಗೆ ಎತ್ತಿಕೊಂಡರು. ದಡ ಮುಟ್ಟಲಿಲ್ಲ ನಿಜ. ಆದರೂ ಅವರ ಸಹನಶಕ್ತಿಯನ್ನು ಕಣ್ಣಾರೆ ಕಂಡವರಿಗೆ ಅನುಮಾನ ಉಳಿಯಲಿಲ್ಲ. ಮೊದಲಿನ ಈಜನ್ನು ಎಲ್ಲರೂ ಒಪ್ಪಿದರು. ಕೊರಳಿನ ಗಡಿಯಾರವೂ ಸರಿಯಾಗಿ ನಡೆಯುತ್ತಿತ್ತು!

ಮುಂದಿನ ತಿಂಗಳು ವಿಲ್ಸ್‌ಡಾರ್ಫ್ ಲಂಡನ್ನಿನ ಪತ್ರಿಕೆಯೊಂದರ ಮುಖಪುಟದಲ್ಲಿ ದೊಡ್ಡ ಜಾಹೀರಾತು ಕೊಟ್ಟರು. ಅಂಗಡಿಗಳ ಕಿಟಕಿಯಲ್ಲಿ ಮೀನಿನ ತೊಟ್ಟಿಯೊಳಗೆ ಗಡಿಯಾರ ಮುಳುಗಿಸಿಟ್ಟು ತೋರಿಸುವ ಏರ್ಪಾಡನ್ನೂ ಮಾಡಿದರು. ಅವರು ವ್ಯಾಪಾರಿ, ಮಾರಾಟವೇ ಅವರ ಉದ್ದೇಶ. ಆದರೆ ಬರಿಯ ಮಾತಿನಿಂದ ಮಾರಲಿಲ್ಲ, ಪರೀಕ್ಷೆ ಮಾಡಿ ತೋರಿಸಿ ಮಾರಿದರು.

ಇನ್ನೂ ಒಂದು ತೊಂದರೆ ಉಳಿದಿತ್ತು. ಕೀಲಿ ಕೊಡಲು ದಿನವೂ ಗುಂಡಿಯನ್ನು ಬಿಚ್ಚಬೇಕಿತ್ತು. ಮತ್ತೆ ಬಿಗಿಯಲು ಮರೆತರೆ ನೀರು ಒಳಗೆ! 1931ರಲ್ಲಿ ಅವರ ಕಂಪನಿ ಒಳಗೆ ಸುತ್ತಲೂ ತಿರುಗುವ ಒಂದು ಭಾರದ ತುಂಡನ್ನು ಅಳವಡಿಸಿತು. ಕೈ ಆಡಿದಂತೆ ಅದು ತಿರುಗಿ ತಾನೇ ಕೀಲಿ ಕೊಡುತ್ತದೆ. ಗುಂಡಿ ಮುಚ್ಚಿಯೇ ಇರಬಹುದು.

ಆಳಕ್ಕೆ, ಇನ್ನೂ ಆಳಕ್ಕೆ

ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂನಷ್ಟು ಹೆಚ್ಚುತ್ತದೆ. 1953ರಲ್ಲಿ ರೋಲೆಕ್ಸ್ 100 ಮೀಟರ್ ಆಳ ತಾಳುವ ಸಬ್‌ಮರೀನರ್ ಎಂಬ ಮುಳುಗುಗಡಿಯಾರ ತಯಾರಿಸಿತು. ಬ್ಲಾಂಕ್‌ಪೇನ್ ಎಂಬ ಇನ್ನೊಂದು ಕಂಪನಿಯ ಫಿಫ್ಟಿ ಫ್ಯಾದಮ್ಸ್ ಬಂದದ್ದೂ ಅದೇ ವರ್ಷ. ಇವುಗಳ ಅಂಚಿನಲ್ಲಿ ತಿರುಗಿಸಬಹುದಾದ ಬಳೆ ಇರುತ್ತದೆ. ಇಳಿಯುವ ಮೊದಲು ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ, ಎಷ್ಟು ನಿಮಿಷ ಕಳೆಯಿತೆಂದು ತಕ್ಷಣ ತಿಳಿಯುತ್ತದೆ. ತೊಟ್ಟಿಯ ಗಾಳಿ ಮುಗಿದರೆ ಜೀವಕ್ಕೇ ಅಪಾಯ. ಬೇಗ ಮೇಲೆ ಬಂದರೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಗಳಾಗಿ ಕಾಡುತ್ತದೆ. ಆದ್ದರಿಂದ ಮುಳುಗುವವರಿಗೆ ಗಡಿಯಾರ ಪ್ರಾಣರಕ್ಷಕವೇ ಆಗಿತ್ತು.

1960ರ ಜನವರಿ 23ರಂದು ಟ್ರಿಯೆಸ್ಟ್ ಎಂಬ ಮುಳುಗುನೌಕೆಯಲ್ಲಿ ಜಾಕ್ ಪಿಕಾರ್ ಮತ್ತು ಡಾನ್ ವಾಲ್ಷ್ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ತಳಕ್ಕೆ, ಸುಮಾರು 10,916 ಮೀಟರ್ ಆಳಕ್ಕೆ ಇಳಿದರು. ನೌಕೆಯ ಹೊರಮೈಗೆ ವಿಶೇಷವಾಗಿ ತಯಾರಿಸಿದ ಒಂದು ರೋಲೆಕ್ಸ್ ಗಡಿಯಾರವನ್ನು ಕಟ್ಟಲಾಗಿತ್ತು. ಅಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ 1 ಟನ್ನಿಗಿಂತ ಹೆಚ್ಚು ಭಾರ! ಮೇಲೆ ಬಂದಾಗ ಗಡಿಯಾರ ನಡೆಯುತ್ತಲೇ ಇತ್ತು. ಅದೇ ವರ್ಷ ಜುಲೈ 6ರಂದು, 79ನೇ ವಯಸ್ಸಿನಲ್ಲಿ ವಿಲ್ಸ್‌ಡಾರ್ಫ್ ತೀರಿಕೊಂಡರು. ಪತ್ನಿಯ ಮರಣದ ನಂತರ, 1945ರಲ್ಲಿ ಸ್ಥಾಪಿಸಿದ ಒಂದು ಪ್ರತಿಷ್ಠಾನಕ್ಕೆ ಅವರು ಕಂಪನಿಯನ್ನು ಬಿಟ್ಟುಕೊಟ್ಟಿದ್ದರು. ಅದರ ಆದಾಯದ ಒಂದು ಪಾಲು ದಾನಧರ್ಮಕ್ಕೆ ಹೋಗುತ್ತದೆ.

ಹಳೆಯದನ್ನು ಹುಡುಕುವವರು

ಆ ಕಾಲದ ಮುಳುಗುಗಡಿಯಾರಗಳನ್ನು ಇಂದು ಹಲವು ದೇಶಗಳಲ್ಲಿ ಹವ್ಯಾಸಿಗಳು ಹುಡುಕಿ ಸಂಗ್ರಹಿಸುತ್ತಾರೆ. ಅವು ಅಪರೂಪ ಏಕೆಂದರೆ ಯಾರೂ ಅವನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿರಲಿಲ್ಲ. ಅವು ಕೆಲಸದ ಉಪಕರಣಗಳು. ಬಂಡೆಗೆ ತಾಗಿದವು, ಸವೆದವು, ಭಾಗಗಳು ಬದಲಾದವು. ಆದ್ದರಿಂದ ಎಲ್ಲ ಭಾಗವೂ ಮೂಲದ್ದೇ ಆಗಿರುವ ಗಡಿಯಾರ ಸಿಗುವುದು ಕಷ್ಟ.

ಒಂದು ಎಚ್ಚರಿಕೆ. ಕತ್ತಲಲ್ಲಿ ಹೊಳೆಯಲೆಂದು ಹಿಂದಿನ ಗಡಿಯಾರಗಳ ಮುಳ್ಳುಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಮಾಸಿದರೂ ವಿಕಿರಣ ಮಾಯವಾಗಿರುವುದಿಲ್ಲ, ರೇಡಿಯಂ ಅರ್ಧ ಆಗಲು ಸುಮಾರು 1600 ವರ್ಷ ಬೇಕು. ಹಳೆಯ ಗಡಿಯಾರ ಸಿಕ್ಕರೆ ಬಿಚ್ಚಬೇಡಿ, ಕೆರೆಯಬೇಡಿ. ಅದನ್ನು ನೀರಿಗೂ ಇಳಿಸಬಾರದು. ಒಳಗಿನ ರಬ್ಬರ್ ಉಂಗುರಗಳು ಕಾಲ ಕಳೆದಂತೆ ಒಣಗಿ ಬಿರಿಯುತ್ತವೆ. ಅಂದು ಗೆದ್ದ ಪರೀಕ್ಷೆ ಇಂದಿಗೆ ಸಾಲದು, ಹೊಸದಾಗಿ ಪರೀಕ್ಷಿಸಲೇಬೇಕು.

ಮಾಡಿ ನೋಡಿ: ಎರಡು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಒಂದರ ಮುಚ್ಚಳ ಒತ್ತಿ ಹಾಕುವಂಥದ್ದು, ಇನ್ನೊಂದರದು ತಿರುಗಿಸಿ ಹಾಕುವಂಥದ್ದು ಇರಲಿ. ಎರಡರೊಳಗೂ ಶಾಯಿಯಿಂದ ಬರೆದ ಒಣ ಕಾಗದ ಇಟ್ಟು ಮುಚ್ಚಿ. ಬಕೆಟ್ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಯಾವ ಕಾಗದ ಒದ್ದೆಯಾಗಿದೆ? ತಿರುಗಿಸುವ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ನೋಡಿ. ನೀವು ಎಣಿಸಿದಂತೆ ಆಗದಿದ್ದರೂ ಪರವಾಗಿಲ್ಲ, ಕಂಡದ್ದನ್ನೇ ಪುಸ್ತಕದಲ್ಲಿ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.