ಸತ್ತ ಮೇಲೆ ಹೆಸರಿಗೆ ಅಂಟಿದ 36 ಎಲೆ: ಪ್ಯಾರಿಸ್ಸಿನ ಕಣಿ ಹೇಳುವಾಕೆ ಲೆನೋರ್ಮಾಂಡ್ ಕಥೆ

ಈಗ ಮೊಬೈಲ್‌ನಲ್ಲೇ ಕಾರ್ಡ್ ತೆಗೆದು ಭವಿಷ್ಯ ಹೇಳುವವರಿಗೆ ಬರವಿಲ್ಲ. ಟ್ಯಾರೋ ಬಿಟ್ಟರೆ ಅಲ್ಲಿ ಜಾಸ್ತಿ ಕೇಳಿಬರುವ ಹೆಸರು ಲೆನೋರ್ಮಾಂಡ್. 36 ಎಲೆಗಳ ಈ ಕಟ್ಟಿಗೆ ಫ್ರಾನ್ಸಿನ ಒಬ್ಬ ಹೆಂಗಸಿನ ಹೆಸರಿದೆ. ಆದರೆ ಆಕೆ ಬದುಕಿದ್ದಾಗ ಈ ಹೆಸರಿನ ಕಟ್ಟೇ ಇರಲಿಲ್ಲ!

ಮರೀ ಆನ್ ಲೆನೋರ್ಮಾಂಡ್ ಹುಟ್ಟಿದ್ದು 1772ರಲ್ಲಿ, ನಾರ್ಮಂಡಿಯ ಅಲೆನ್ಸೋನ್ ಊರಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡರು. ಕಾನ್ವೆಂಟಿನಲ್ಲಿ ಓದಿ, ಹರೆಯದಲ್ಲೇ ಹೊಟ್ಟೆಪಾಡಿಗೆ ಪ್ಯಾರಿಸ್ ಸೇರಿದಳು. ಅಲ್ಲಿ ಮಹಾಕ್ರಾಂತಿಯ ಕಾಲ. ನಾಳೆ ಯಾರ ತಲೆ ಉರುಳುತ್ತೋ ಗೊತ್ತಿಲ್ಲ. ಹೆದರಿದ ಜನ ಕಣಿ ಕೇಳೋಕೆ ಬಂದರು.

ತುರ್ನೋನ್ ಬೀದಿಯ ಮನೆಯಲ್ಲಿ ಹೊರಗೆ ಪುಸ್ತಕ ವ್ಯಾಪಾರ, ಒಳಗೆ ಎಲೆ ಶಾಸ್ತ್ರ. ಇಸ್ಪೀಟು ಎಲೆ ಹಾಕಿ, ಕೈ ನೋಡಿ ಭವಿಷ್ಯ ಹೇಳುತ್ತಿದ್ದಳು. ನೆಪೋಲಿಯನ್ನನ ಹೆಂಡತಿ ಜೋಸೆಫೀನ್ ಕೂಡ ಆಕೆಯ ಗಿರಾಕಿ. ದೊಡ್ಡವರ ಗುಟ್ಟು ಗೊತ್ತಿದ್ದರೆ ಪೊಲೀಸರು ಸುಮ್ಮನಿರ್ತಾರಾ? 1809ರ ಡಿಸೆಂಬರಿನಲ್ಲಿ ಹಿಡಿದರು. ಆಕೆ ಅದನ್ನೇ ಪುಸ್ತಕ ಮಾಡಿ 1814ರಲ್ಲಿ ಮಾರಿದಳು. 1821ರಲ್ಲಿ ಬ್ರಸೆಲ್ಸ್ ಕಡೆ ಹೋದಾಗಲೂ ಜೈಲು ತಪ್ಪಲಿಲ್ಲ. ಆ ಬಗ್ಗೆಯೂ ಪುಸ್ತಕ ಬಂತು. ತನ್ನ ಬಗ್ಗೆ ಆಕೆ ಹೇಳಿಕೊಂಡ ಕಥೆಗಳಲ್ಲಿ ನಿಜ ಎಷ್ಟು, ಒಗ್ಗರಣೆ ಎಷ್ಟು ಅಂತ ಬೇರ್ಪಡಿಸೋದು ಕಷ್ಟ.

1843ರ ಜೂನ್ 25ರಂದು ತೀರಿಕೊಂಡಳು. ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಮದುವೆಯಾಗಿರಲಿಲ್ಲ. ದೊಡ್ಡ ಆಸ್ತಿ ದೈವಭಕ್ತ ಸೋದರಳಿಯನ ಪಾಲಾಯಿತು. ಆತ ದುಡ್ಡು ಇಟ್ಟುಕೊಂಡು ಕಣಿಯ ಸಾಮಾನನ್ನೆಲ್ಲ ಸುಟ್ಟ ಅಂತಾರೆ.

ಆಮೇಲೆ ಶುರುವಾಯ್ತು ವ್ಯಾಪಾರ. ಕೆಲವೇ ವರ್ಷಗಳಲ್ಲಿ ಆಕೆಯ ಹೆಸರು ಹಾಕಿದ ಕಟ್ಟುಗಳು ಅಂಗಡಿಗೆ ಬಂದವು. ಹಾವು, ಹಡಗು, ನಾಯಿ, ಶವಪೆಟ್ಟಿಗೆ ಚಿತ್ರಗಳಿದ್ದ 36 ಎಲೆಯ ಕಟ್ಟಿನ ಮೂಲ ಪ್ಯಾರಿಸ್ಸೂ ಅಲ್ಲ, ಆಕೆಯೂ ಅಲ್ಲ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ 1799ರ ಸುಮಾರಿಗೆ ಹೆಕ್ಟೆಲ್ ಎಂಬಾತ ಮಾಡಿದ್ದ 'ಆಶೆಯ ಆಟ' ಅದು. ಎಲೆಗಳನ್ನು ಸಾಲಿಗೆ ಆರರಂತೆ ಆರು ಸಾಲು ಜೋಡಿಸಿ, ಎರಡು ದಾಳ ಹಾಕಿ, ನಮ್ಮ ಹಾವು-ಏಣಿ ಥರ ಕಾಯಿ ನಡೆಸೋದು. 35ನೇ ಎಲೆ ಲಂಗರು, ಅಲ್ಲಿ ನಿಂತವನು ಗೆದ್ದ. ಮನೆಮಂದಿಯ ಆಟದ ಜತೆಗೆ ತಮಾಷೆಗೆ ಭವಿಷ್ಯ ನೋಡೋದೂ ಇತ್ತು, ಅಷ್ಟೇ.

ಆ ಹಳೇ ಕಟ್ಟೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಲೆನೋರ್ಮಾಂಡ್ ಅಮ್ಮನ ಗುಪ್ತವಿದ್ಯೆ ಅಂತ ನಂಬಿ ದುಡ್ಡು ಕಟ್ಟುವ ಮುಂಚೆ, ಅದು ದಾಳದಾಟದ ಕಟ್ಟು ಅನ್ನೋದು ನೆನಪಿರಲಿ.