ಒಂದು ಸುತ್ತಿನಲ್ಲಿ ಇನ್ನೊಂದು ಊರು

ಮಾಳಮಡ್ಡಿಯ ನನ್ನ ಬಾಡಿಗೆ ಖೋಲಿಯಲ್ಲೇ ಕಾಲೇಜು ನಾಟಕದ ತಾಲೀಮು. ಪರದೆ, ಸೆಟ್ಟಿಗೆ ದುಡ್ಡಿಲ್ಲ. ಬಿಟ್ಟುಬಿಡೋಣ ಎಂದವನೇ ನಾನು. ಆಗ ನೆನಪಾದವರು ನಾಟಕಕಾರ ಶ್ರೀರಂಗರು.

1904ರಲ್ಲಿ ವಿಜಯಪುರ ಜಿಲ್ಲೆಯ ಅಗರಖೇಡದಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು ಲಂಡನ್ನಿನಲ್ಲಿ ಓದಿ ಬಂದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದರು. ಕಂಪನಿಗಳ ಬಣ್ಣದ ಪರದೆಗಳು ಮೆರೆಯುತ್ತಿದ್ದ ಕಾಲದಲ್ಲಿ ಹವ್ಯಾಸಿಗಳಿಗಾಗಿ ‘ಹರಿಜನ್ವಾರ’ದಂಥ ಸಾಮಾಜಿಕ ನಾಟಕ ಬರೆದರು. ಭರತನ ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತಂದರು. ಅದರಲ್ಲಿ ಕಕ್ಷ್ಯಾವಿಭಾಗವೆಂಬ ಕ್ರಮವಿದೆ: ನಟ ರಂಗದ ಮೇಲೆ ಒಂದು ಸುತ್ತು ನಡೆದರೆ ಸಾಕು, ಊರು ಹೋಗಿ ಕಾಡು ಬರುತ್ತದೆ. 1984ರಲ್ಲಿ ಅವರು ತೀರಿಕೊಂಡರು.

ನಾವು ಎರಡೇ ಕುರ್ಚಿ ಇಟ್ಟುಕೊಂಡು ಆಡಿದೆವು. ಜನ ಕೊನೆಯವರೆಗೂ ಕುಳಿತರು. ಈಗ ಕೆಲಸ ಹುಡುಕುತ್ತಿದ್ದೇನೆ. ಖೋಲಿ ಇಕ್ಕಟ್ಟೆನಿಸಿದಾಗ ಎದ್ದು ಒಂದು ಸುತ್ತು ನಡೆಯುತ್ತೇನೆ.