ಶಂಕರ್‌ನಾಗ್ ಕಟ್ಟಿದ ಸದ್ದಿನ ಮನೆ

ಕಾರವಾರ, ಅಂಕೋಲಾದ ನಮ್ಮ ಗೆಳೆಯರ ಗುಂಪಿನಲ್ಲಿ ಮಾತು ಎರಡೇ: ಮೆಟಾಲಿಕಾದ ಯಾವ ಆಲ್ಬಂ ಜೋರು, ಯಾವ ಇಯರ್‌ಬಡ್‌ನಲ್ಲಿ ಬೇಸ್ ಗಟ್ಟಿ. ಆದರೆ ಆ ಸದ್ದು ಮೊದಲು ಹುಟ್ಟುವುದು ರೆಕಾರ್ಡಿಂಗ್ ಸ್ಟುಡಿಯೊದಲ್ಲಿ. ಈ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವರು ನಮ್ಮದೇ ಜಿಲ್ಲೆಯ ಶಂಕರ್‌ನಾಗ್.

ಹೊನ್ನಾವರ ಸೀಮೆಯ ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು. ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿ, 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ಕನ್ನಡಕ್ಕೆ ಬಂದರು. ‘ಮಿಂಚಿನ ಓಟ’ ನಿರ್ದೇಶಿಸಿದರು. 1981ರ ಅವರ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ಹಾಡುಗಳಿಗೆ ಕಾಲೇಜು ಡೇಗಳಲ್ಲಿ ಇಂದಿಗೂ ಸೀಟಿ ಬೀಳುತ್ತದೆ.

ಆ ಕಾಲದಲ್ಲಿ ಹಾಡು ಮುದ್ರಿಸಲು ಕನ್ನಡದವರು ಹೆಚ್ಚಾಗಿ ಮದ್ರಾಸಿಗೆ ಹೋಗುತ್ತಿದ್ದರು. ಶಂಕರ್ ಬೆಂಗಳೂರಿನಲ್ಲೇ ‘ಸಂಕೇತ್’ ರೆಕಾರ್ಡಿಂಗ್ ಸ್ಟುಡಿಯೊ ಕಟ್ಟಿದರು. ಸ್ಟುಡಿಯೊ ಊರಲ್ಲೇ ಇದ್ದರೆ ಗಾಯಕರು, ವಾದಕರು, ತಂತ್ರಜ್ಞರು ಎಲ್ಲರಿಗೂ ಊರಲ್ಲೇ ಕೆಲಸ. ಯಂತ್ರವನ್ನು ಅವರು ಶೋಕಿಗೆ ತರಲಿಲ್ಲ, ದುಡಿಮೆಗೆ ತಂದರು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ನಡೆದ ಅಪಘಾತದಲ್ಲಿ ಶಂಕರ್ ತೀರಿಕೊಂಡರು. ಆಗ ಅವರಿಗೆ ಇನ್ನೂ 35 ವರ್ಷ.

ಅಂದು ಎಲ್ಲರೂ ಮದ್ರಾಸಿಗೆ ಹೊರಟಿದ್ದರು. ಇಂದು ಬಿ.ಇ. ಮುಗಿಸುವ ನಾವೆಲ್ಲ ಬೆಂಗಳೂರಿಗೆ ಹೊರಡುತ್ತೇವೆ. ಹೊಸ ಹೆಡ್‌ಫೋನ್ ಆಸೆ ನನಗೂ ಇದೆ. ಆದರೆ ಈಗ ಕೂಡಿಸುತ್ತಿರುವ ದುಡ್ಡು ಒಂದು ಒಳ್ಳೆಯ ಮೈಕಿಗೆ. ಲ್ಯಾಪ್‌ಟಾಪ್ ಹೇಗೂ ಇದೆ. ಊರ ಹುಡುಗರ ರಾಕ್ ಬ್ಯಾಂಡಿನ ಮೊದಲ ಹಾಡು ಅಂಕೋಲಾದಲ್ಲೇ ರೆಕಾರ್ಡ್ ಆಗಲಿ.